ನಕ್ಷೆಗೆ ಬಣ್ಣ ಹಚ್ಚಿದವರು

ಕೇಳುಗರಿಗೆ ನಮಸ್ಕಾರ.

ಹಳೇ ನಕ್ಷೆ ಕೂಡಿಡುವವರ ಕೈಗೆ ಒಂದು ಹಾಳೆ ಕೊಟ್ಟು ನೋಡಿ. ಎಷ್ಟೋ ಜನ ಮೊದಲು ನೋಡುವುದು ಅದರ ಬೆನ್ನನ್ನು. ನಾನೂ ಹಾಗೇ. ನನ್ನ ಹತ್ತಿರ ಪೋರ್ಚುಗಲ್ ದೇಶದ ಒಂದು ನಕ್ಷೆ ಇದೆ. ಈಗಿನ ಬೆಲ್ಜಿಯಂ ದೇಶದ ಆಂಟ್ವರ್ಪ್ ಊರಿನ ಅಬ್ರಹಾಂ ಓರ್ಟೆಲಿಯಸ್ ಹೊರತಂದ ನಕ್ಷೆಪುಸ್ತಕದಿಂದ ಬಿಡಿಯಾಗಿ ಬಂದ ಹಾಳೆ. ತಿರುಗಿಸಿದರೆ ಹಿಂದೆ ಲ್ಯಾಟಿನ್ ಬರಹ, ನಡುನಡುವೆ ಕಂದು ಕಲೆ. ಮುಂದೆ ಎಲ್ಲೆಲ್ಲಿ ಹಸಿರು ಹಚ್ಚಿದ್ದಾರೋ, ಹಿಂದೆ ಸರಿಯಾಗಿ ಅಲ್ಲೇ ಕಂದು.

ಆ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು. ನಾವು ಹುಣಸೆಹಣ್ಣು ಹಾಕಿ ತಿಕ್ಕಿ ತೆಗೆಯುತ್ತೇವಲ್ಲ, ಅದೇ ಕಿಲುಬು. ಅದು ನೂರಾರು ವರ್ಷ ಕಾಗದದ ಮೇಲೆ ಕೂತು ಒಳಗೊಳಗೇ ತಿನ್ನುತ್ತದೆ. ಕೆಲವು ಹಾಳೆಗಳಲ್ಲಿ ಹಸಿರು ಗೆರೆ ಇದ್ದಲ್ಲೇ ಕಾಗದ ಬಿರುಕು ಬಿಟ್ಟಿರುತ್ತದೆ. ನೋಡಿದರೆ ಸಂಕಟವಾಗುತ್ತದೆ. ಆದರೆ ಬಣ್ಣ ಹಳೆಯದು ಅನ್ನುವುದಕ್ಕೆ ಅದೇ ಒಳ್ಳೆಯ ಗುರುತು. ಒಮ್ಮೆ ಬೇರೊಂದು ನಕ್ಷೆ ಕೊಳ್ಳುವಾಗ ನಾನು ಬೆನ್ನು ನೋಡದೆ ದುಡ್ಡು ಕೊಟ್ಟುಬಿಟ್ಟೆ. ಮನೆಗೆ ತಂದು ತಿರುಗಿಸಿದರೆ ಹಿಂಬದಿ ಬೆಳ್ಳಗೆ! ನಕ್ಷೆ ಹಳೆಯದೇ, ಬಣ್ಣ ಮಾತ್ರ ಈಚೆಗೆ ಹಚ್ಚಿದ್ದು.

ಈ ನಕ್ಷೆಗಳು ಅಚ್ಚಾಗುತ್ತಿದ್ದುದು ಬರೀ ಕಪ್ಪು ಗೆರೆಯಲ್ಲಿ. ತಾಮ್ರದ ತಗಡಿನ ಮೇಲೆ ಚೂಪಾದ ಉಳಿಯಿಂದ ಊರು, ಹೊಳೆ, ಬೆಟ್ಟ ಎಲ್ಲವನ್ನೂ ಉಲ್ಟಾ ಕೆತ್ತಬೇಕು. ಗೀರುಗಳಿಗೆ ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒದ್ದೆ ಕಾಗದ ಇಟ್ಟು ಜೋರಾಗಿ ಒತ್ತಬೇಕು. ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಮೂಡುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದರೂ ಸಿಗುತ್ತದೆ ಅದು. ಬಣ್ಣ ಬೇಕು ಅನ್ನುವವರಿಗೆ ಆಮೇಲೆ ಒಂದೊಂದೇ ಹಾಳೆಗೆ ಕೈಯಲ್ಲಿ ಹಚ್ಚಿಕೊಡುತ್ತಿದ್ದರು.

ಓರ್ಟೆಲಿಯಸ್ ಶುರುಮಾಡಿದ್ದೇ ಈ ಕೆಲಸದಿಂದ. ಹುಟ್ಟಿದ್ದು 1527ರಲ್ಲಿ. ಅಪ್ಪ ಬೇಗ ತೀರಿಕೊಂಡರು. ಮನೆ ನಡೆಯಬೇಕಲ್ಲ? ಇವರೂ ಅಕ್ಕತಂಗಿಯರೂ ಸೇರಿ ನಕ್ಷೆಗಳಿಗೆ ಬಣ್ಣ ಹಚ್ಚಿದರು. 1547ರಲ್ಲಿ ಆಂಟ್ವರ್ಪಿನ ಕಲಾವಿದರ ಸಂಘಕ್ಕೆ ಸೇರಿದಾಗಲೂ ಇವರ ಕಸುಬು ನಕ್ಷೆಗೆ ಬಣ್ಣ ಹಾಕುವುದು. ಆಗ ನಕ್ಷೆಗಳು ಒಂದೊಂದು ಅಳತೆಯಲ್ಲಿ ಸಿಗುತ್ತಿದ್ದವು. ಕೆಲವು ಗೋಡೆಯಷ್ಟು ದೊಡ್ಡವು. ಓರ್ಟೆಲಿಯಸ್ ಅವನ್ನೆಲ್ಲ ಒಂದೇ ಅಳತೆಗೆ ಇಳಿಸಿ, ಹೊಸದಾಗಿ ಕೆತ್ತಿಸಿ, 53 ಹಾಳೆಗಳ ಪುಸ್ತಕ ಮಾಡಿದರು. 1570ರ ಮೇ 20ಕ್ಕೆ ಅದು ಹೊರಬಂತು. ಅದೇ ವರ್ಷ ಮತ್ತೆ ಅಚ್ಚು ಹಾಕಬೇಕಾಯಿತು, ಅಷ್ಟು ಬೇಡಿಕೆ. ಅವರ ಸ್ನೇಹಿತ, ನಕ್ಷೆಗಾರ ಮರ್ಕೇಟರ್ ತಮ್ಮ ಪುಸ್ತಕಕ್ಕೆ ಇಟ್ಟ ‘ಅಟ್ಲಾಸ್’ ಎಂಬ ಹೆಸರು ಬಂದದ್ದು ಇದಾದ 25 ವರ್ಷಕ್ಕೆ.

ನನಗೆ ಓರ್ಟೆಲಿಯಸ್ ಮೇಲೆ ಜಾಸ್ತಿ ಗೌರವ ಇರುವುದು ಇನ್ನೊಂದು ಕಾರಣಕ್ಕೆ. ತಾವು ಯಾರ ಯಾರ ನಕ್ಷೆ ಬಳಸಿದರೋ ಅವರ ಹೆಸರು ಹೇಳಿದರು. ಮೊದಲ ಮುದ್ರಣದ ಪಟ್ಟಿಯಲ್ಲಿ 87 ಹೆಸರಿವೆ. ಕೇಳದೆ ನಕಲು ಮಾಡುವುದೇ ರೂಢಿಯಾಗಿದ್ದ ಕಾಲ ಅದು. ನನ್ನ ಪೋರ್ಚುಗಲ್ ಹಾಳೆಯಲ್ಲೂ ನೋಡಿ, ಮೂಲ ಬರೆದ ಆಲ್ವಾರೆಸ್ ಸೆಕೊ ಅವರ ಹೆಸರು ಅಚ್ಚಾಗಿದೆ. ಈ ನಕ್ಷೆಯಲ್ಲಿ ಪಶ್ಚಿಮ ಮೇಲಿದೆ. ದೇಶ ಮಗ್ಗುಲಾಗಿ ಮಲಗಿದ ಹಾಗೆ ಕಾಣುತ್ತದೆ.

ತಪ್ಪು ಗೊತ್ತಾದರೆ ತಿದ್ದುತ್ತಲೂ ಇದ್ದರು. ಮೊದಮೊದಲ ಅಮೆರಿಕ ನಕ್ಷೆಯಲ್ಲಿ ದಕ್ಷಿಣ ಅಮೆರಿಕದ ನೈಋತ್ಯ ಕರಾವಳಿ ಸೊಂಟದ ಹತ್ತಿರ ಉಬ್ಬಿಕೊಂಡಿದೆ. 1587ರ ಹೊಸ ತಗಡಿನಲ್ಲಿ ಆ ಉಬ್ಬು ಇಲ್ಲ. ಅಮೆರಿಕದ ಹಾಳೆ ಕೈಗೆ ಬಂದರೆ ಉಬ್ಬು ಇದೆಯಾ ಇಲ್ವಾ ಅಂತ ಕಣ್ಣು ಓಡುವುದು ಅದಕ್ಕೇ.

ನಮ್ಮ ಕಡೆಯ ಊರುಗಳೂ ಆ ಕಾಲದ ಯುರೋಪಿನ ನಕ್ಷೆಗಳಲ್ಲಿ ಸಿಗುತ್ತವೆ. ಹೊನ್ನಾವರ ಅಲ್ಲಿ ‘ಓನೋರ್’, ಭಟ್ಕಳ ‘ಬಾಟಿಕಲಾ’. ವಿಜಯನಗರಕ್ಕೆ ಸಾಳುವ ನರಸಿಂಹನ ಹೆಸರಿನಿಂದ ‘ನರಸಿಂಗ’. 1565ರ ಯುದ್ಧದಲ್ಲಿ ರಾಜಧಾನಿ ಹಾಳಾದ ಮೇಲೂ ಎಷ್ಟೋ ವರ್ಷ ಆ ಹೆಸರು ನಕ್ಷೆಯಲ್ಲಿ ಉಳಿದಿತ್ತು. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಆ 87 ಹೆಸರುಗಳು ನಕ್ಷೆ ಬರೆದವರದು. ಬಣ್ಣ ಹಚ್ಚಿದವರ ಪಟ್ಟಿ ಆ ಪುಸ್ತಕದಲ್ಲಿ ಇಲ್ಲ. ನನ್ನ ಹಾಳೆಯಲ್ಲಿ ಒಂದು ಕಡೆ ಹಸಿರು ಗೆರೆ ಕರಾವಳಿ ದಾಟಿ, ಜೋಳದ ಕಾಳಿನಷ್ಟು, ಸಮುದ್ರಕ್ಕೆ ಜಾರಿದೆ. ಯಾರದೋ ಕುಂಚ ಒಂದು ಕ್ಷಣ ತಪ್ಪಿದ್ದು. ಬೆನ್ನು ತಿರುಗಿಸಿದರೆ ಅಲ್ಲೂ ಅಷ್ಟೇ ಗಾತ್ರದ ಕಂದು ಚುಕ್ಕೆ ಇದೆ.

ನಮಸ್ಕಾರ.