ಬೇಟೆಯ ಬಾಣ ಎಷ್ಟು ತೂಗಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಅದು ಹಾಗೇ ಇರಲಿ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು, ಸೀಸನ್ನಿನಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡಬಹುದು. ರಾಟೆ ಇರುವ ಕಾಂಪೌಂಡ್ ಬಿಲ್ಲು ಬಿಟ್ಟು, ರಾಟೆಯಿಲ್ಲದ ಹಳೇ ಬಗೆಯ ಲಾಂಗ್‌ಬೋ, ತುದಿ ಹೊರಕ್ಕೆ ಬಾಗಿದ ರಿಕರ್ವ್ ಹಿಡಿಯುವವರೂ ಅಲ್ಲಿದ್ದಾರೆ. ಅಲ್ಲಿ ನೆಲೆಸಿ ಈ ಬಿಲ್ಲು ಹಿಡಿಯಲು ಹೊರಟವರಿಗೆ ಇವತ್ತಿನ ಮಾತು.

ಬಾಣದ ತೂಕವನ್ನು ಗ್ರೇನ್‌ಗಳಲ್ಲಿ ಹೇಳುತ್ತಾರೆ. ಒಂದು ಗ್ರಾಮಿಗೆ ಸುಮಾರು 15 ಗ್ರೇನ್. ಬಿಲ್ಲಿನ ಎಳೆತದ, ಅಂದರೆ ಹೆದೆ ಎಳೆದು ಹಿಡಿಯಲು ಬೇಕಾದ ಬಲದ, ಪ್ರತಿ ಪೌಂಡಿಗೆ 8ರಿಂದ 10 ಗ್ರೇನ್ ಎಂಬುದು ರೂಢಿ. ಬೇಟೆಗಾದರೆ 10ರ ಕಡೆಗೇ ಹೋಗಿ ಅನ್ನುತ್ತೇನೆ.

ಆದರೆ ಎಷ್ಟು ಪೌಂಡ್? ಬಿಲ್ಲಿನ ಮೇಲೆ ಬರೆದಿರುವುದು 28 ಇಂಚು ಎಳೆದಾಗಿನ ಲೆಕ್ಕ. ನಿಮ್ಮ ಕೈ 26 ಇಂಚಿಗೇ ನಿಂತರೆ 45 ಪೌಂಡಿನ ಬಿಲ್ಲು ನಿಮ್ಮ ಪಾಲಿಗೆ ಸುಮಾರು 40 ಪೌಂಡು ಅಷ್ಟೆ. ಮೊದಲು ಹೆದೆಯನ್ನು ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ, ನೀವು ಎಳೆಯುವಷ್ಟೇ ಎಳೆದು ನೋಡಿ.

ಹಗುರ ಬಾಣ ಜೋರಾಗಿ ಹೋಗುತ್ತೆ, ಅದೇ ಒಳ್ಳೇದಲ್ವಾ ಎಂದು ಬಹಳ ಮಂದಿ ಕೇಳುತ್ತಾರೆ. ಲೆಕ್ಕ ಹಾಕೋಣ. ಜಿಂಕೆ 20 ಗಜ ದೂರದಲ್ಲಿದೆ, ಅಂದರೆ 60 ಅಡಿ. ಸೆಕೆಂಡಿಗೆ 170 ಅಡಿ ಹೋಗುವ ಬಾಣಕ್ಕೆ ಅಲ್ಲಿ ತಲುಪಲು 0.35 ಸೆಕೆಂಡ್ ಬೇಕು. ಹಗುರ ಬಾಣ ಹಾಕಿ ವೇಗವನ್ನು 190ಕ್ಕೆ ಏರಿಸಿದಿರಿ ಅನ್ನಿ, ಆಗಲೂ 0.32 ಸೆಕೆಂಡ್. ಹೆದೆಯ ಸದ್ದು ಸೆಕೆಂಡಿಗೆ 1,100 ಅಡಿಗಿಂತ ಜಾಸ್ತಿ ಓಡುತ್ತದೆ. ಎರಡು ಬಾಣಕ್ಕಿಂತಲೂ ಮೊದಲು ಜಿಂಕೆಯ ಕಿವಿ ಮುಟ್ಟುವುದು ಸದ್ದೇ. ಬೆಚ್ಚಿದ ಜಿಂಕೆ ಕುಗ್ಗಿ ನೆಗೆಯಲು ಹೊರಟರೆ ಬಾಣ ಎಲ್ಲೋ ಬೀಳುತ್ತದೆ. ಗಾಯಗೊಂಡು ಓಡಿದ ಪ್ರಾಣಿ ಗಂಟೆಗಟ್ಟಲೆ ನರಳಬಹುದು. ಅದಕ್ಕಿಂತ ಕೆಟ್ಟದ್ದು ಈ ಬೇಟೆಯಲ್ಲಿಲ್ಲ.

ಭಾರದ ಬಾಣ ಇಲ್ಲಿ ನೆರವಾಗುತ್ತದೆ. ಬಿಲ್ಲಿನ ಶಕ್ತಿಯನ್ನು ಅದು ಹೆಚ್ಚು ಹೀರಿಕೊಳ್ಳುತ್ತದೆ. ಅದುರು ಕಡಿಮೆ, ಸದ್ದೂ ಕಡಿಮೆ. ಬಿಲ್ಲಿಗೂ ಒಳ್ಳೇದು. ತೀರಾ ಹಗುರದ ಬಾಣ ಬಿಡುವುದೆಂದರೆ ಬರಿ ಹೆದೆ ಬಿಟ್ಟ ಹಾಗೆಯೇ, ಬಿಲ್ಲಿನ ತೋಳು ಸೀಳಿಹೋಗಬಹುದು. ಮೈಗೆ ತಾಗಿದ ಮೇಲೂ ಭಾರದ ಬಾಣ ಬೇಗ ನಿಲ್ಲುವುದಿಲ್ಲ. ತೊಂದರೆ ಒಂದೇ, ದೂರ ಹೋದಂತೆ ಅದು ಬೇಗ ಕೆಳಗಿಳಿಯುತ್ತದೆ. ಹಾಗಾಗಿ ಹತ್ತಿರ ಹೋಗಬೇಕು, ಕಾಯಬೇಕು.

ಹಾಗಂತ ಸುಮ್ನೆ ತೂಕ ಏರಿಸುತ್ತಾ ಹೋಗಬೇಡಿ. ಆಫ್ರಿಕಾದ ದೊಡ್ಡ ಪ್ರಾಣಿಗಳ ಮೇಲೆ ಬಾಣಗಳನ್ನು ಪರೀಕ್ಷಿಸಿದ ಎಡ್ ಆ್ಯಶ್ಬಿ, ದಪ್ಪ ಮೂಳೆ ಭೇದಿಸಲು 650 ಗ್ರೇನ್ ಬೇಕೆಂದರು. ಜಿಂಕೆಗೆ ಅಷ್ಟು ಬೇಕಿಲ್ಲ. 45 ಪೌಂಡ್ ಎಳೆಯುವವರಿಗೆ 450 ಗ್ರೇನ್, ಅಂದರೆ 29 ಗ್ರಾಂ, ಸಾಕು.

ಇನ್ನೊಂದು ವಿಷಯ. ಭಾರದ ಮೊನೆ ಹಾಕಿದರೆ ಬಾಣದ ಕಡ್ಡಿ ಹೆಚ್ಚು ಬಾಗುತ್ತದೆ, ಹಾರಾಟ ಓರೆಯಾಗುತ್ತದೆ. ಓರೆಯಾಗಿ ತಾಗಿದ ಬಾಣಕ್ಕೆ ಎಷ್ಟು ತೂಕವಿದ್ದರೇನು? ಹಾಗಾಗಿ ಮೊನೆ ಬದಲಿಸಿದಾಗೆಲ್ಲ ಗರಿಯಿಲ್ಲದ ಬಾಣವೊಂದನ್ನು ಬಿಟ್ಟು, ನೇರ ಹಾರುತ್ತದೆಯೇ ನೋಡಿ. ಸೀಡರ್ ಮರದ ಕಡ್ಡಿಗಳಾದರೆ ಒಂದೊಂದರ ತೂಕವೂ ಬೇರೆ. ಎಲ್ಲವನ್ನೂ ತೂಗಿ, 10 ಗ್ರೇನ್ ಒಳಗಿನ ಅಂತರದವನ್ನು ಒಂದು ಕಟ್ಟು ಮಾಡಿ. ಉಳಿದವು ಅಭ್ಯಾಸಕ್ಕಿರಲಿ.

ನಮಸ್ಕಾರ.