ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು: ಲಿನಕ್ಸ್ ಮಷಿನ್‌ನಲ್ಲಿ ನೆಟ್ ಹುಡುಕುವ ಬಗೆ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಾ ಇದೆ ಅಲ್ವಾ? ಸರಿ.

ನನ್ನದೇ ಒಂದು ದಡ್ಡತನದಿಂದ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ಲಿನಕ್ಸ್‌ನದೇ ಒಂದು ಬಗೆಯಾದ ಡೆಬಿಯನ್ ಹಾಕಿದ್ದು. ಮನೆಯ ಫೋಟೊ, ಬ್ಯಾಕಪ್ ಎಲ್ಲ ಅದರಲ್ಲೇ. ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಮೆಟ್ಟಿಲ ಕೆಳಗೆ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಒಂದು ಭಾನುವಾರ ಅದಕ್ಕೆ ಹೊಸ ಎನ್‌ವಿಎಂಇ ಡಿಸ್ಕ್ ಹಾಕಿದೆ. ಸ್ಕ್ರೂ ಬಿಗಿದೆ, ಆನ್ ಮಾಡಿದೆ, ಫ್ಯಾನ್ ತಿರುಗಿತು. ನೆಟ್ ಇಲ್ಲ.

ಹಿಂಭಾಗಕ್ಕೆ ಬಗ್ಗಿ ನೋಡಿದರೆ ಕೇಬಲ್ ಚುಚ್ಚುವ ಕಡೆಯ ಹಸಿರು ದೀಪವೂ ಉರಿಯುತ್ತಿಲ್ಲ. ಕೇಬಲ್ ಹೋಗಿದೆ ಅಂದುಕೊಂಡು ಬೇರೆ ಹಾಕಿದೆ. ರೂಟರ್‌ನಲ್ಲಿ ಬೇರೆ ಪೋರ್ಟಿಗೆ ಚುಚ್ಚಿದೆ. ರೂಟರನ್ನೇ ಆಫ್ ಮಾಡಿ ಆನ್ ಮಾಡಿದೆ, ಒಳಗಿಂದ ಬೈಗುಳ ಬಂತು. ಡಿಸ್ಕ್ ಕೂರಿಸುವಾಗ ಸ್ಕ್ರೂಡ್ರೈವರ್ ಎಲ್ಲಾದರೂ ತಾಗಿಸಿ ಬೋರ್ಡ್ ಸುಟ್ಟೆನಾ ಅಂತ ಭಯವೂ ಶುರುವಾಯಿತು. ಊಟದ ಹೊತ್ತು ಮೀರಿದ ಮೇಲೆ ಮಷಿನನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಜೋಡಿಸಿ, ಒಂದು ಕೀಬೋರ್ಡ್ ಚುಚ್ಚಿ, ಟಿವಿಯ ಮುಂದೆ ನೆಲದ ಮೇಲೆ ಕೂತು, ಬೆಳಗ್ಗೆಯೇ ಕೊಡಬೇಕಿದ್ದ ಒಂದು ಕಮ್ಯಾಂಡ್ ಕೊಟ್ಟೆ. 'ಐಪಿ ಲಿಂಕ್', ಅಷ್ಟೇ.

ಮಷಿನ್‌ನ ನೆಟ್‌ವರ್ಕ್ ದಾರಿಗಳ ಎರಡು ಹೆಸರು ಬಂದವು. ಮೊದಲನೆಯದು 'ಎಲ್‌ಒ', ಅಂದರೆ ಲೂಪ್‌ಬ್ಯಾಕ್, ಮಷಿನ್ ತನ್ನೊಡನೆ ತಾನೇ ಮಾತಾಡುವ ದಾರಿ, ಅದು ಎಲ್ಲ ಮಷಿನ್‌ನಲ್ಲೂ ಇರುತ್ತದೆ. ಎರಡನೆಯದು 'ಇಎನ್‌ಪಿ4ಎಸ್0', ಪಕ್ಕದಲ್ಲಿ 'ಸ್ಟೇಟ್ ಡೌನ್'. ನಾನು ಎರಡು ಸಲ ಓದಿದೆ. ನಾಲ್ಕು? ಕಾನ್ಫಿಗರೇಶನ್ ಫೈಲ್‌ನಲ್ಲಿ ನಾನು ಬರೆದಿಟ್ಟಿದ್ದು 'ಇಎನ್‌ಪಿ3ಎಸ್0'.

ಆಗಿದ್ದು ಇಷ್ಟು. ಆ ಹೆಸರಲ್ಲಿ 'ಇಎನ್' ಅಂದರೆ ಈಥರ್ನೆಟ್, 'ಪಿ3' ಅಂದರೆ ಪಿಸಿಐ ಬಸ್ (ಮದರ್‌ಬೋರ್ಡ್‌ಗೆ ಕಾರ್ಡ್‌ಗಳು ಸೇರುವ ದಾರಿ) ಸಂಖ್ಯೆ 3, 'ಎಸ್0' ಅಂದರೆ ಸ್ಲಾಟ್ 0. ಬಸ್ ಸಂಖ್ಯೆಯನ್ನು ಮಷಿನ್ ಪ್ರತಿ ಸಲ ಬೂಟ್ ಆಗುವಾಗ ಒಂದೊಂದಾಗಿ ಎಣಿಸಿ ಕೊಡುತ್ತದೆ. ಹೊಸ ಡಿಸ್ಕ್ ಕೂಡ ಪಿಸಿಐ ಸಾಧನವೇ. ಅದು ಸಾಲಿನ ಮಧ್ಯೆ ಬಂದು ನಿಂತಿತು, ನೆಟ್‌ವರ್ಕ್ ಕಾರ್ಡ್ ಒಂದು ಸ್ಥಾನ ಹಿಂದೆ ಹೋಯಿತು, ಹೆಸರೂ ಬದಲಾಯಿತು. ಫೈಲ್ ಮಾತ್ರ ಹಳೇ ಹೆಸರನ್ನೇ ಕೂಗುತ್ತಿತ್ತು. ಯಾರೂ ಎಬ್ಬಿಸದ ಕಾರ್ಡ್ ಮಲಗೇ ಇತ್ತು. ಕೆಲವು ಕಾರ್ಡ್‌ಗಳು ಹಾಗೆ ಮಲಗಿದ್ದಾಗ ದೀಪವನ್ನೂ ಆರಿಸಿಬಿಡುತ್ತವೆ. ನಾನು ಆ ದೀಪ ನೋಡಿ ಕೇಬಲ್ ಮೇಲೆ ಅನುಮಾನ ಪಟ್ಟೆ.

ಹಿಂದೆ ಈ ಹೆಸರುಗಳು 'ಇಟಿಎಚ್0', 'ಇಟಿಎಚ್1' ಅಂತ ಇದ್ದವು, ಹಳಬರಿಗೆ ನೆನಪಿರುತ್ತದೆ. ಎರಡು ಕಾರ್ಡ್ ಇದ್ದ ಮಷಿನ್‌ನಲ್ಲಿ ಯಾವುದು ಮೊದಲು ಎದ್ದರೆ ಅದು ಸೊನ್ನೆ. ಇವತ್ತು ಒಳಗಿನ ನೆಟ್‌ವರ್ಕ್ ಸೊನ್ನೆ, ನಾಳೆ ಹೊರಗಿನದು ಸೊನ್ನೆ. ಒಳಗೆ ಬರೋದು, ಹೊರಗೆ ಹೋಗೋದನ್ನು ಕಾಯುವ ಫೈರ್‌ವಾಲ್ ಇಟ್ಟವರ ಪಾಡು ಕೇಳಬೇಡಿ. ಅದನ್ನು ಸರಿಮಾಡಲು 2013ರಲ್ಲಿ, ಲಿನಕ್ಸ್ ಬೂಟ್ ಆಗುವಾಗ ಎಲ್ಲ ಸೇವೆಗಳನ್ನು ಎಬ್ಬಿಸುವ 'ಸಿಸ್ಟಂಡಿ' ಪ್ರೋಗ್ರಾಂನವರು ಈ ಹೊಸ ಹೆಸರುಗಳನ್ನು ತಂದರು. 'ಮೊದಲೇ ಊಹಿಸಬಹುದಾದ ಹೆಸರು' ಅಂತ ಅದರ ವಿವರಣೆ. ಆ ಭಾನುವಾರ ನಾನು ಊಹಿಸಲಿಲ್ಲ, ಬಿಡಿ. ಈಗ ಆ ಮಷಿನ್‌ನಲ್ಲಿ ಕಾರ್ಡಿನ ಮ್ಯಾಕ್ ವಿಳಾಸ, ಅಂದರೆ ಅದರದ್ದೇ ಗುರುತಿನ ಸಂಖ್ಯೆ, ನೋಡಿ ಹೆಸರು ಕೊಡುವ ಹಾಗೆ ಮಾಡಿದ್ದೇನೆ. ಕಾರ್ಡ್ ಎಲ್ಲಿ ಕೂತರೂ ಅದರ ಮ್ಯಾಕ್ ವಿಳಾಸ ಅದೇ.

ಈ ಕತೆ ಯಾಕೆ ಹೇಳಿದೆ ಅಂದರೆ, ಆವತ್ತು ನಾನು ಮಾಡಿದ್ದೆಲ್ಲ ರಿಪೇರಿ. ಹುಡುಕಾಟ ಒಂದೂ ಇಲ್ಲ. ಎಲ್ಲಿ ಕೆಟ್ಟಿದೆ ಅಂತ ಗೊತ್ತಿಲ್ಲದೆ ಒಂದೊಂದೇ ಸರಿಮಾಡುತ್ತಾ ಹೋದೆ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಲೈನ್‌ಮನ್ ಏನು ಮಾಡುತ್ತಾರೆ, ನೋಡಿದ್ದೀರಾ? ಹತ್ತು ಕಿಲೋಮೀಟರ್ ಲೈನನ್ನು ಟಾರ್ಚ್ ಹಿಡಿದು ಪೂರ್ತಿ ನಡೆಯುವುದಿಲ್ಲ. ಮಧ್ಯದ ಒಂದು ಕಂಬದ ಹತ್ತಿರ ಸ್ವಿಚ್ ಇಳಿಸುತ್ತಾರೆ. ಸ್ಟೇಶನ್‌ಗೆ ಫೋನ್ ಮಾಡಿ 'ಚಾರ್ಜ್ ಮಾಡಿ ಸಾರ್' ಅನ್ನುತ್ತಾರೆ. ಲೈನ್ ನಿಂತುಕೊಂಡರೆ ಇಲ್ಲಿಯವರೆಗೆ ಸರಿ, ಮರ ಬಿದ್ದಿರೋದು ಆಚೆ ಕಡೆ. ಟ್ರಿಪ್ ಆದರೆ ಈಚೆ ಕಡೆ. ಅರ್ಧ ಊರು ಒಂದೇ ಫೋನಿನಲ್ಲಿ ಲೆಕ್ಕದಿಂದ ಹೊರಗೆ. ನೆಟ್‌ವರ್ಕ್ ಕೆಲಸವೂ ಇದೇ. ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು, ಈ ಎರಡೇ ಪ್ರಶ್ನೆ.

ತೀರಾ ಬುಡದಿಂದ ನೋಡೋಣ. ಕಾರ್ಡ್ ಇದೆ ಅಂತ ಮಷಿನ್‌ಗೆ ಗೊತ್ತಾ? 'ಎಲ್‌ಎಸ್‌ಪಿಸಿಐ', ಒಂದು ಸ್ಪೇಸ್, ಮೈನಸ್ ಎನ್ ಎನ್ ಕೆ. ಪ್ರತಿ ಸಾಧನದ ಕೊನೆಗೆ ಚೌಕ ಆವರಣದಲ್ಲಿ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಯಾರು ಮಾಡಿದ್ದು, ಎರಡನೆಯದು ಯಾವ ಮಾಡೆಲ್. 10ಇಸಿ ಅಂದರೆ ರಿಯಲ್‌ಟೆಕ್, 14ಇ4 ಅಂದರೆ ಬ್ರಾಡ್‌ಕಾಮ್. ಇಂಟೆಲ್‌ನದ್ದು 8086. ಹೌದು, ಮೈಕ್ರೋಪ್ರೊಸೆಸರ್ ಪಾಠದಲ್ಲಿ ನಿಮ್ಮನ್ನು ಕಾಡಿದ ಅದೇ 8086, 1978ರ ಚಿಪ್. ತಮ್ಮ ಗುರುತಿನ ಸಂಖ್ಯೆಯಾಗಿ ಅದನ್ನೇ ಇಟ್ಟುಕೊಂಡಿದ್ದಾರೆ.

ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಡಬ್ಬಿ ಮೇಲಿನ ಹೆಸರನ್ನು ನಂಬಬೇಡಿ. ಯುಎಸ್‌ಬಿ ವೈಫೈ ಕಡ್ಡಿಗಳಲ್ಲಂತೂ ಒಂದೇ ಮಾಡೆಲ್ ಹೆಸರು, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ವರ್ಷನ್ 1, ವರ್ಷನ್ 2 ಅಂತ ಇರುತ್ತದೆ. ಒಳಗೆ ನೋಡಿದರೆ ಬೇರೆ ಬೇರೆ ಕಂಪನಿಯ ಚಿಪ್. ಕೆಲವು ಕಡ್ಡಿಗಳು ಇನ್ನೂ ತಮಾಷೆ. ಚುಚ್ಚಿದ ತಕ್ಷಣ ತಾನೊಂದು ಸಿಡಿ ಡ್ರೈವ್ ಅಂತ ಹೇಳಿಕೊಳ್ಳುತ್ತವೆ, ಏಕೆಂದರೆ ಒಳಗೆ ವಿಂಡೋಸ್ ಡ್ರೈವರ್ ತುಂಬಿಟ್ಟಿರುತ್ತಾರೆ. 'ಯುಎಸ್‌ಬಿ ಮೋಡ್‌ಸ್ವಿಚ್' ಅನ್ನೋ ಪ್ರೋಗ್ರಾಂ ಬಂದು 'ವೇಷ ಸಾಕು' ಅಂದ ಮೇಲೆ ವೈಫೈ ಆಗುತ್ತದೆ.

ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಡ್ರೈವರ್ ಅಂದರೆ ಅದರ ಪರವಾಗಿ ಕಾರ್ಡನ್ನು ನಡೆಸುವ ಪ್ರೋಗ್ರಾಂ. ಸಂಖ್ಯೆಯ ಕೆಳಗೆ ಇನ್ನೆರಡು ಸಾಲು ನೋಡಿ. 'ಕರ್ನಲ್ ಡ್ರೈವರ್ ಇನ್ ಯೂಸ್', 'ಕರ್ನಲ್ ಮಾಡ್ಯೂಲ್ಸ್'. ಎರಡನೆಯದಿದ್ದು ಮೊದಲನೆಯದು ಇಲ್ಲ ಅಂದರೆ ಡ್ರೈವರ್ ಮನೆಯಲ್ಲಿದೆ, ಕೆಲಸಕ್ಕೆ ಹೋಗಿಲ್ಲ. ಎರಡೂ ಇಲ್ಲ ಅಂದರೆ ನಿಮ್ಮ ಕರ್ನಲ್‌ಗೆ ಈ ಕಾರ್ಡ್ ಪರಿಚಯವೇ ಇಲ್ಲ. ಇವೆರಡೂ ಬೇರೆ ಬೇರೆ ರೋಗ, ಔಷಧಿಯೂ ಬೇರೆ.

ಡ್ರೈವರ್ ಇದ್ದೂ ವೈಫೈ ಬರದಿದ್ದರೆ ಬಹಳ ಸಲ ಫರ್ಮ್‌ವೇರ್ ಇರುವುದಿಲ್ಲ. ಡ್ರೈವರ್ ಓಡೋದು ನಮ್ಮ ಸಿಪಿಯುನಲ್ಲಿ. ಫರ್ಮ್‌ವೇರ್ ಓಡೋದು ಕಾರ್ಡಿನ ಒಳಗಿರುವ ಪುಟ್ಟ ಪ್ರೊಸೆಸರ್‌ನಲ್ಲಿ. ಪ್ರತಿ ಸಲ ಬೂಟ್ ಆಗುವಾಗ ಡ್ರೈವರ್ ಆ ಫೈಲನ್ನು ಡಿಸ್ಕಿನಿಂದ ಎತ್ತಿ ಕಾರ್ಡಿನ ಬಾಯಿಗೆ ಹಾಕಬೇಕು. ಫೈಲ್ ಸಿಗದಿದ್ದರೆ ಕರ್ನಲ್‌ನ ದಿನಚರಿ ತೋರಿಸುವ 'ಡಿಮೆಸೇಜ್'ನಲ್ಲಿ ದೂರು ಹೇಳುತ್ತದೆ, ಬೇಕಾದ ಫೈಲಿನ ಹೆಸರನ್ನೂ ಹೇಳುತ್ತದೆ. ಓದಬೇಕು ಅಷ್ಟೇ. ಈ ಫರ್ಮ್‌ವೇರ್‌ಗಳ ಸೋರ್ಸ್ ಕೋಡ್ ಸಿಗುವುದಿಲ್ಲ ಅಂತ ಡೆಬಿಯನ್‌ನವರು ಬಹಳ ವರ್ಷ ಮುಖ್ಯ ಇನ್‌ಸ್ಟಾಲರ್‌ನಲ್ಲಿ ಸೇರಿಸಿರಲಿಲ್ಲ. ನೆಟ್ ಬರಬೇಕಾದರೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಬೇಕಾದರೆ ನೆಟ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. 2022ರಲ್ಲಿ ಅವರು ತಮ್ಮೊಳಗೇ ಮತ ಹಾಕಿ ನಿಲುವು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಫರ್ಮ್‌ವೇರ್ ಬರುತ್ತದೆ. ತತ್ವದ ದೃಷ್ಟಿಯಿಂದ ಇದು ಸೋಲು ಅನ್ನುವವರಿದ್ದಾರೆ. ಲ್ಯಾಬ್‌ನಲ್ಲಿ ಮೂವತ್ತು ಲ್ಯಾಪ್‌ಟಾಪ್‌ಗೆ ಕೂರಿಸಿದವನಾಗಿ ನಾನು ಅವರ ಪರ ಮಾತಾಡಲಾರೆ. ಹಳೇ ಸಿಸ್ಟಂನಲ್ಲಿ ಸಿಕ್ಕಿಬಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ ಆನ್ ಮಾಡಿ. ಅದು ಸಾಮಾನ್ಯವಾಗಿ ಹೆಚ್ಚುವರಿ ಡ್ರೈವರ್ ಕೇಳುವುದಿಲ್ಲ.

ಇನ್ನೊಂದು ಸಣ್ಣದು, ಆದರೆ ಜಾಸ್ತಿ ಸಲ ಕಂಡದ್ದು. ಎಲ್ಲ ಸರಿ ಇದ್ದೂ ವೈಫೈ ಪಟ್ಟಿ ಖಾಲಿ. 'ಆರ್‌ಎಫ್‌ಕಿಲ್ ಲಿಸ್ಟ್' ಕೊಡಿ. 'ಸಾಫ್ಟ್ ಬ್ಲಾಕ್ಡ್: ಯೆಸ್' ಅಂದರೆ ಸಾಫ್ಟ್‌ವೇರ್ ಮುಚ್ಚಿದೆ, 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಅಂದರೆ ತೆರೆಯುತ್ತದೆ. 'ಹಾರ್ಡ್ ಬ್ಲಾಕ್ಡ್' ಅಂತಿದ್ದರೆ ಕೀಬೋರ್ಡ್ ಕುಟ್ಟಿ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿನ ಅಂಚಿನಲ್ಲಿ ಒಂದು ಪುಟ್ಟ ಗುಂಡಿ ಇದೆಯಾ, ಬೆರಳಲ್ಲಿ ಸವರಿ ನೋಡಿ. ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೂಡ ಇಟ್ಟುಕೊಂಡವರು ಅದರ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ಪೂರ್ತಿ ಮುಚ್ಚುವುದಿಲ್ಲ, ಕಾರ್ಡ್ ಅರೆನಿದ್ದೆಯಲ್ಲಿ ಉಳಿದು ಲಿನಕ್ಸ್ ಕರೆದರೂ ಏಳದೆ ಇರಬಹುದು.

ಈಗ ತಂತಿ. 'ನೆಟ್ ಸ್ಲೋ' ಅಂತ ದೂರು ಬಂದರೆ ನಾನು ಮೊದಲು ಕೊಡೋದು 'ಇಥ್‌ಟೂಲ್'. ಅದರ ಮುಂದೆ ಕಾರ್ಡಿನ ಹೆಸರು. ಬರುವ ಉದ್ದದ ಪಟ್ಟಿಯಲ್ಲಿ 'ಸ್ಪೀಡ್' ಅನ್ನೋ ಸಾಲು ಮಾತ್ರ ನೋಡಿ. ಎರಡೂ ಕಡೆ ಗಿಗಾಬಿಟ್ ಇದ್ದು 1000ದ ಬದಲು 100 ಅಂತಿದ್ದರೆ ತಂತಿಯ ಮೇಲೆ ಅನುಮಾನ ಪಡಿ. ಕೇಬಲ್ ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಹಸಿರು, ಕಿತ್ತಳೆ ಎರಡೇ ಸಾಕು. ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದು ಎಳೆ ತುಂಡಾದರೆ ಬಹುಪಾಲು ಕಾರ್ಡ್‌ಗಳು ಗಲಾಟೆ ಮಾಡದೆ 100ಕ್ಕೆ ಇಳಿಯುತ್ತವೆ. ಒಂದು ಕಡೆ ಹೀಗೇ ಆಗಿತ್ತು. ಎರಡು ತಿಂಗಳು ಎಲ್ಲರೂ ಸರ್ವರ್ ಬೈದರು. ಫಾಲ್ಸ್ ಸೀಲಿಂಗ್ ಸರಿಸಿ ನೋಡಿದರೆ ಇಲಿಯ ಹಲ್ಲಿನ ಗುರುತು. ಹಸಿರು, ಕಿತ್ತಳೆ ಎಳೆಗಳನ್ನು ಮುಟ್ಟಿರಲಿಲ್ಲ, ಪುಣ್ಯಾತ್ಮ.

ತಂತಿ ಸರಿ ಇದ್ದರೆ ಐಪಿ ವಿಳಾಸ. 169.254ರಿಂದ ಶುರುವಾಗಿದ್ದರೆ, ವಿಳಾಸ ಕೊಡುವ ಡಿಎಚ್‌ಸಿಪಿ ಸರ್ವರ್‌ನಿಂದ ಉತ್ತರ ಬಂದಿಲ್ಲ, ಮಷಿನ್ ತಾನೇ ಒಂದು ಇಟ್ಟುಕೊಂಡಿದೆ ಅಂತ. ಆಮೇಲೆ ಪಿಂಗ್, ಅಂದರೆ 'ಇದ್ದೀಯಾ' ಅಂತ ಕೂಗಿ ಉತ್ತರ ಬರುತ್ತಾ ಅಂತ ನೋಡೋದು. ಮೊದಲು ರೂಟರ್‌ಗೆ, ಆಮೇಲೆ ಹೊರಗಿನ ಒಂದು ವಿಳಾಸಕ್ಕೆ, 8.8.8.8 ನೆನಪಿಡಲು ಸುಲಭ. ಆಮೇಲೆ ಹೆಸರಿಗೆ. ಸಂಖ್ಯೆಗೆ ಹೋಗುತ್ತದೆ, ಹೆಸರಿಗೆ ಹೋಗಲ್ಲ ಅಂದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್ ನೋಡಿ. 'ರಿಸಾಲ್ವ್ ಡಾಟ್ ಕಾನ್ಫ್' ಫೈಲ್ ತೆರೆದಾಗ ಅದರಲ್ಲಿ 127.0.0.53 ಕಂಡರೆ ಗಾಬರಿಯಾಗಿ ಅಳಿಸಬೇಡಿ. ಅದು ಸಿಸ್ಟಂಡಿಯ ಸ್ವಂತ ಡಿಎನ್‌ಎಸ್ ಗುಮಾಸ್ತ. ಅವನು ಯಾರನ್ನು ಕೇಳುತ್ತಿದ್ದಾನೆ ಅನ್ನೋದು 'ರಿಸಾಲ್ವ್‌ಸಿಟಿಎಲ್' ಕೊಟ್ಟರೆ ಗೊತ್ತಾಗುತ್ತದೆ.

ಪಿಂಗ್ ಹೋಗುತ್ತದೆ, ಹೆಸರೂ ಸಿಗುತ್ತದೆ, ಆದರೂ ಬ್ರೌಸರ್ ತೆರೆಯಲ್ಲ. ಇಂಥದ್ದೊಂದು ಕಂಡೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಂದು ಲ್ಯಾಬ್. ಏಪ್ರಿಲ್‌ನಲ್ಲಿ ಬೀಗ ಹಾಕಿದ್ದು ಜೂನ್‌ನಲ್ಲಿ ತೆಗೆದರು. ನಾಲ್ಕು ಹಳೇ ಮಷಿನ್‌ಗಳಲ್ಲಿ ಕೆಲವು ಸೈಟ್ ತೆರೆಯುತ್ತಿತ್ತು, ಕೆಲವು ಇಲ್ಲ. ಎಲ್ಲರಿಗೂ ಫೈರ್‌ವಾಲ್ ಮೇಲೆ ಅನುಮಾನ, ನನಗೂ. ಆದರೆ ಪಕ್ಕದ ಮಷಿನ್‌ನಲ್ಲಿ, ಅದೇ ನೆಟ್‌ವರ್ಕ್ ಸ್ವಿಚ್‌ಗೆ (ಎಲ್ಲ ಮಷಿನ್‌ಗಳ ಕೇಬಲ್ ಬಂದು ಸೇರುವ ಜಾಗ) ಚುಚ್ಚಿದ್ದರಲ್ಲಿ, ಎಲ್ಲ ಸೈಟೂ ತೆರೆಯುತ್ತಿತ್ತು. ಹಾಗಾದರೆ ಸ್ವಿಚ್‌ನವರೆಗೆ, ಅದರಾಚೆಗೆ, ಎಲ್ಲ ಸರಿ ಅಂತಾಯ್ತು. ತಪ್ಪು ಇರೋದು ಆ ಮಷಿನ್‌ಗಳ ಒಳಗೇ. ಬ್ರೌಸರ್‌ನ ಬೈಗುಳವನ್ನು ಆಗ ಪೂರ್ತಿ ಓದಿದೆ. 'ಈ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ' ಅಂತ ಇತ್ತು. ಸರ್ಟಿಫಿಕೇಟ್ ಅಂದರೆ ಸೈಟಿನ ಗುರುತಿನ ಚೀಟಿ, ಯಾವ ದಿನದಿಂದ ನಡೆಯುತ್ತದೆ ಅಂತ ಅದರಲ್ಲೇ ಬರೆದಿರುತ್ತದೆ. 'ಡೇಟ್' ಅಂತ ಟೈಪ್ ಮಾಡಿದರೆ ಏಪ್ರಿಲ್!

ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್ 2032. ಮಷಿನ್ ಆಫ್ ಇದ್ದಾಗ ಗಡಿಯಾರ ಓಡಿಸುವುದು ಅದು. ಅದು ಸತ್ತಿತ್ತು. ಲಿನಕ್ಸ್ ಕೊನೆಯ ಸಲ ಮುಚ್ಚಿದಾಗಿನ ಸಮಯವನ್ನು ಡಿಸ್ಕ್‌ನಲ್ಲಿ ಗುರುತಿಟ್ಟುಕೊಂಡಿತ್ತು, ಅಲ್ಲಿಂದಲೇ ಮುಂದುವರಿಯಿತು. ನೆಟ್‌ನಿಂದ ಸಮಯ ತರಿಸಿಕೊಳ್ಳೋಣ ಅಂದರೆ ಅದಕ್ಕೆ ಬೇಕಾದ 123ನೇ ಪೋರ್ಟನ್ನು ಫೈರ್‌ವಾಲ್‌ನಲ್ಲಿ ಮುಚ್ಚಿದ್ದರು. ಹಾಗಾಗಿ ಏಪ್ರಿಲ್‌ಗಿಂತ ಮುಂಚೆ ಸರ್ಟಿಫಿಕೇಟ್ ಪಡೆದಿದ್ದ ಸೈಟ್‌ಗಳು ತೆರೆದವು. ಮೇ ತಿಂಗಳಲ್ಲಿ ಹೊಸದು ಪಡೆದವು ಆ ಮಷಿನ್‌ಗಳ ಪಾಲಿಗೆ ಇನ್ನೂ ಹುಟ್ಟೇ ಇರಲಿಲ್ಲ. ಬೀದಿಯ ಕೊನೆಯ ವಾಚ್ ಅಂಗಡಿಯಿಂದ ನಾಲ್ಕು ಸೆಲ್ ತಂದೆವು. ನೆಟ್ ರಿಪೇರಿ ಅಂತ ಕರೆದವರು ನಾನು ವಾಚ್ ಅಂಗಡಿಗೆ ಹೊರಟಿದ್ದು ನೋಡಿ ನಕ್ಕರು.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ದೂರದ ಸರ್ವರ್‌ನ ನೆಟ್‌ವರ್ಕ್ ಬದಲಿಸುವಾಗ ಕೂತ ಕೊಂಬೆಯನ್ನೇ ಕಡಿಯುತ್ತಿರುತ್ತೀರಿ. ಉಬುಂಟು ಸರ್ವರ್‌ನಲ್ಲಿ 'ನೆಟ್‌ಪ್ಲಾನ್ ಅಪ್ಲೈ' ಬದಲು 'ನೆಟ್‌ಪ್ಲಾನ್ ಟ್ರೈ' ಕೊಡಿ. 120 ಸೆಕೆಂಡ್ ಒಳಗೆ ನೀವು ಎಂಟರ್ ಒತ್ತದಿದ್ದರೆ ಅದು ಹಳೇ ಸ್ಥಿತಿಗೆ ವಾಪಸ್ ಹೋಗುತ್ತದೆ. ನಾನು ಇದನ್ನು ಕಲಿತದ್ದು ರಾತ್ರಿ ಎರಡು ಗಂಟೆಗೆ ಒಂದು ಸ್ಪೇಸ್ ತಪ್ಪಿಸಿ, ಬೆಳಗ್ಗೆ ಬಸ್ ಹತ್ತಿ ಸರ್ವರ್ ಇರುವ ಊರಿಗೆ ಹೋದ ಮೇಲೆ.

ಮಾತು ಸಾಕು. ಪಕ್ಕದ ಕೋಣೆಯಲ್ಲಿ ಮೂರು ಮಷಿನ್ ಇಟ್ಟಿದ್ದೇನೆ. ಮೂರನ್ನೂ ನಿನ್ನೆ ಸಂಜೆ ನಾನೇ ಕೆಡಿಸಿದ್ದು. ಒಂದರಲ್ಲಿ ಹಾರ್ಡ್‌ವೇರ್ ತಪ್ಪು, ಒಂದರಲ್ಲಿ ಬರೀ ಕಾನ್ಫಿಗರೇಶನ್, ಒಂದರಲ್ಲಿ ಎರಡೂ. ಯಾವುದು ಯಾವುದು ಅಂತ ಹೇಳಲ್ಲ. ನಾಲ್ಕು ನಾಲ್ಕು ಜನ ಕೂತುಕೊಳ್ಳಿ. ಮೊದಲ ಹದಿನೈದು ನಿಮಿಷ ಏನನ್ನೂ ಬದಲಿಸುವ ಹಾಗಿಲ್ಲ, ಬರೀ ಕೇಳಬೇಕು, ಓದಬೇಕು, ಹಾಳೆ ಮೇಲೆ ಬರೆಯಬೇಕು. ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲಿದೆ. ಎಲ್ಲಿ ನಿಂತಿದೆ ಅಂತ ಹೇಳಿದವರಿಗೆ ಕೊಡುತ್ತೇನೆ.