ಕೆಟ್ಟಿಲ್ಲ, ಹಿಡಿದುಕೊಂಡಿದೆ

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನಾನು ಸಂಗೀತ ಬಲ್ಲವನಲ್ಲ, ಎಲೆಕ್ಟ್ರಾನಿಕ್ಸ್ ಓದಿದವನೂ ಅಲ್ಲ. ಪೀಣ್ಯದಲ್ಲಿ 28 ವರ್ಷ ಲೇತ್ ಮುಂದೆ ನಿಂತವನು. ಬುಷ್, ಶಾಫ್ಟ್, ಪುಲ್ಲಿ ಕಡೆಯುವುದು ನನ್ನ ಕಸುಬು. ಒಂದು ದಿನ ಯಾರೋ ಸವೆದ ಬುಷ್ ತಂದು, "ಇಂಥದ್ದೇ ಒಂದು ಮಾಡಿಕೊಡಿ" ಅಂದರು. ಏನಕ್ಕೆ ಅಂತ ಕೇಳಿದೆ. ಕೇಳಬಾರದಿತ್ತು! ಈಗ ನಮ್ಮ ಮನೆಯ ಮಂಚದ ಕೆಳಗೂ ರೆಕಾರ್ಡ್ ಪ್ಲೇಯರ್‌ಗಳಿವೆ.

ಮೇಜಿನ ಮೇಲಿರುವ ಈ ಯಂತ್ರ ನಮ್ಮ ಊರಿನ ಮನೆಯದು. ಇಂಗ್ಲೆಂಡಿನ ಬಿ.ಎಸ್.ಆರ್. ಕಂಪನಿಯ ಚೇಂಜರ್. ನಿಮಿಷಕ್ಕೆ 16, 33, 45, 78 ಸುತ್ತು ಅಂತ ನಾಲ್ಕು ಸ್ಪೀಡು. ಪ್ಲೇಟುಗಳನ್ನು ನಡುವಿನ ಕಡ್ಡಿಗೆ ಪೋಣಿಸಿಟ್ಟರೆ ಒಂದು ಮುಗಿದ ಮೇಲೆ ಇನ್ನೊಂದು ತಾನೇ ಬೀಳುತ್ತದೆ. ಕೊಪ್ಪದ ಹತ್ತಿರ ನಮ್ಮ ಮನೆ. ಚಳಿಗಾಲದಲ್ಲಿ ಇದು ಬೆಳಗ್ಗೆ ತಿರುಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಬಿಸಿಲು ಜಗಲಿಗೆ ಬಂದ ಮೇಲೆ ಮೆಲ್ಲಗೆ ಹೊರಡುತ್ತಿತ್ತು. "ಚಳಿಗೆ ಅದಕ್ಕೂ ಏಳೋಕೆ ಬೇಜಾರು ಮಾರಾಯ" ಅನ್ನುತ್ತಿದ್ದರು ಅಪ್ಪಯ್ಯ. ನಾವೂ ನಂಬಿದ್ದೆವು.

ಅಪ್ಪಯ್ಯ ತೀರಿಕೊಂಡ ಮೇಲೆ ಇದನ್ನು ಬೆಂಗಳೂರಿಗೆ ತಂದು ಬಿಚ್ಚಿದೆ. ಪ್ಲೇಟು ಕೂರುವ ತಟ್ಟೆ ಎತ್ತಿದ ಕೂಡಲೇ ವಾಸನೆಯಲ್ಲೇ ಗೊತ್ತಾಯಿತು. ಕೊಬ್ಬರಿ ಎಣ್ಣೆ! ಕೀರಲು ಸದ್ದು ಬಂದಾಗಲೆಲ್ಲ ಅಪ್ಪಯ್ಯ ದೇವರ ಕೋಣೆಯ ಗಿಂಡಿಯಿಂದ ಎರಡು ಹನಿ ಬಿಟ್ಟಿದ್ದಾರೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ತಟ್ಟೆ ತಿರುಗುವ ಬೇರಿಂಗ್ ತುಪ್ಪದ ಡಬ್ಬಿಯ ಹಾಗೆ ಹೆಪ್ಪುಗಟ್ಟಿ ಕೂರುತ್ತಿತ್ತು, ಅಷ್ಟೇ. ಹಿತ್ತಾಳೆ ಇದ್ದ ಕಡೆಯೆಲ್ಲ ಹಸಿರು ಕಿಲುಬು. ಒರೆಸಿ, ತೊಳೆದು, ಸರಿಯಾದ ಎಣ್ಣೆ ಎರಡು ಹನಿ ಹಾಕಿದೆ. ಹೊಸ ಭಾಗ ಒಂದೂ ಹಾಕಲಿಲ್ಲ. ಓಡಿತು.

ನಾನು ನೋಡಿದ ಹಳೇ ಯಂತ್ರಗಳಲ್ಲಿ ಹೆಚ್ಚಿನವು ಹೀಗೇ. ಕೆಟ್ಟಿರುವುದಿಲ್ಲ, ಹಿಡಿದುಕೊಂಡಿರುತ್ತವೆ. ನಿಜವಾಗಿ ಕೆಟ್ಟಿದ್ದರೆ ಯಾರೋ ಪ್ರೀತಿಯಿಂದ ರಿಪೇರಿ ಮಾಡಿ ಕೆಡಿಸಿರುತ್ತಾರೆ. ಹಾಗಾಗಿ ನನ್ನ ಮೊದಲ ಕೆಲಸ ಹಿಂದಿನವರು ಏನು ಮಾಡಿದ್ದಾರೆ ಅಂತ ಓದುವುದು. ಸ್ಕ್ರೂ ತಲೆ ನೋಡಿ. ಗೀರು ಬಿದ್ದಿದ್ದರೆ ಮುಂಚೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ. ಮುಳ್ಳು ಹಿಡಿದಿರುವ ಆರ್ಮ್ ತುದಿಯಲ್ಲಿ ಗುಂಡಗಿನ ಗುರುತು ಇದ್ದರೆ ಅದು ನಾಲ್ಕಾಣೆಯ ಗುರುತು. ನಿಮ್ಮಲ್ಲೂ ಕೆಲವರು ಇಟ್ಟಿದ್ದೀರಿ, ಅಲ್ವಾ? ಮುಳ್ಳು ಹಾರುತ್ತದೆ ಅಂತ ಮೇಲೊಂದು ನಾಣ್ಯ. ಆ ಕಾಲದ 25 ಪೈಸೆ ಎರಡೂವರೆ ಗ್ರಾಂ. 5 ಗ್ರಾಂ ಭಾರಕ್ಕೆ ಮಾಡಿದ ಮುಳ್ಳು ಏಳೂವರೆ ಗ್ರಾಂ ಹೊತ್ತು ಪ್ಲೇಟು ಉಳುತ್ತಿತ್ತು. ಮುಳ್ಳು ಯಾಕೆ ಹಾರುತ್ತದೆ ಅಂತ ಯಾರೂ ನೋಡಲಿಲ್ಲ. ಅರ್ಧಕ್ಕರ್ಧ ಸಲ ಆರ್ಮಿನ ಬುಡದಲ್ಲಿ ಗ್ರೀಸ್ ಒಣಗಿ, ಆರ್ಮ್ ಒಳಕ್ಕೆ ಸರಿಯಲು ಹೆಣಗುತ್ತಿರುತ್ತದೆ.

ಗ್ರೀಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರಾಗಬೇಡಿ. 50 ವರ್ಷ ಹಳೇ ಗ್ರೀಸಿನಲ್ಲಿ ಎಣ್ಣೆಯ ಅಂಶ ಹೋಗಿ ಮೇಣದಂಥ ಚರಟ ಉಳಿದಿರುತ್ತದೆ. ಅದರ ಮೇಲೆ ಹೊಸ ಎಣ್ಣೆ ಬಿಡಬೇಡಿ. ಎರಡು ದಿನ ಓಡುತ್ತದೆ, ಮೂರನೇ ದಿನ ಇನ್ನೂ ದೊಡ್ಡ ಅಂಟು. ಪೂರ್ತಿ ತೆಗೆಯಬೇಕು. ಎಸ್.ಪಿ. ರೋಡಿನಲ್ಲಿ ಮೊಬೈಲ್ ರಿಪೇರಿಯವರಿಗೆ ಮಾರುವ ಐಪಿಎ ದ್ರಾವಣ (ಐಸೊಪ್ರೊಪೈಲ್ ಆಲ್ಕೊಹಾಲ್, ಅದೂ ಒಂದು ಬಗೆಯ ಸ್ಪಿರಿಟ್ಟೇ), ಕಿವಿಗೆ ಹಾಕುವ ಹತ್ತಿ ಕಡ್ಡಿ, ಹಳೇ ಟೂತ್ ಬ್ರಶ್. ಇಷ್ಟು ಸಾಕು. ತಟ್ಟೆಯ ಕೆಳಗೆ ಒಂದು ಉಕ್ಕಿನ ಶಾಫ್ಟ್, ಅದನ್ನು ಹಿಡಿಯುವ ಕಂಚಿನ ಬುಷ್. ಒಳ್ಳೇ ಯಂತ್ರಗಳಲ್ಲಿ ಹೆಚ್ಚಾಗಿ ಶಾಫ್ಟಿನ ತುದಿಯಲ್ಲಿ ಒಂದೇ ಒಂದು ಉಕ್ಕಿನ ಗುಂಡು. ತಟ್ಟೆಯ ಭಾರವೆಲ್ಲ ಆ ಗುಂಡಿನ ಮೇಲೆ. ತೊಳೆಯುವಾಗ ಅದು ಮೋರಿಗೆ ಹೋಗದ ಹಾಗೆ ನೋಡಿಕೊಳ್ಳಿ. ನಾನೊಮ್ಮೆ ಕಳೆದಿದ್ದೇನೆ.

ಮತ್ತೆ ಎಲ್ಲಕ್ಕೂ ಎಣ್ಣೆ ಬೇಡ. ಈ ಚೇಂಜರಿನಲ್ಲಿ ಹಾಡು ಮುಗಿದಾಗ ಆರ್ಮ್ ಎತ್ತಲು ಹೇಳುವ ಪುಟ್ಟ ಕೊಕ್ಕೆ ಇದೆ. ಬೆರಳಿಂದ ಮುಟ್ಟಿ ನೋಡಿ, ಇಲ್ಲಿ. ಉಗುರಿನಷ್ಟೂ ಇಲ್ಲ. ಕೊನೆಯ ಗೆರೆಯಲ್ಲಿ ಆರ್ಮ್ ಜೋರಾಗಿ ಒಳಕ್ಕೆ ನುಗ್ಗಿದಾಗ ಈ ಕೊಕ್ಕೆ ಗೇರಿಗೆ ಸಿಗುತ್ತದೆ, ಆಮೇಲಿನ ಸಂಸಾರವೆಲ್ಲ ಗೇರಿನದು. ಇದು ಒಣಗಿದ್ದರೇ ಕೆಲಸ. ಒಂದು ಹನಿ ಎಣ್ಣೆ ಬಿದ್ದು ಧೂಳು ಕೂತರೆ ಹಾಡಿನ ನಡುವೆಯೇ ಆರ್ಮ್ ಎದ್ದು ಹೊರಡಬಹುದು, ಅಥವಾ ಹಾಡು ಮುಗಿದರೂ ರಾತ್ರಿಯೆಲ್ಲ ಕರಕರ ಅನ್ನುತ್ತಾ ಅಲ್ಲೇ ಸುತ್ತಬಹುದು. ಬೇರಿಂಗಿಗೆ ಹೊಲಿಗೆ ಮಿಶಿನ್ ಎಣ್ಣೆಯಂಥ ತೆಳುವಾದ ಎಣ್ಣೆ, ಗೇರಿನ ಹಲ್ಲಿಗೆ ಚೂರೇ ಚೂರು ಗ್ರೀಸ್, ಕೊಕ್ಕೆಗೆ ಏನೂ ಇಲ್ಲ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಇದೆಯಲ್ಲ, ಅದನ್ನು ಯಂತ್ರದ ಹತ್ತಿರವೂ ತರಬೇಡಿ.

ಕರೆಂಟ್ ಕೊಡುವ ವಿಷಯ. ಅಟ್ಟದಿಂದ ಇಳಿಸಿ ಧೂಳು ಕೊಡವಿ ನೇರ ಪ್ಲಗ್ಗಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಒಳಗಿನ ವೈರಿನ ರಬ್ಬರ್ ಹಪ್ಪಳದ ಹಾಗೆ ಉದುರುತ್ತಿರುತ್ತದೆ, ಕೆಳಗಿರುವುದು ತಗಡಿನ ಚೌಕಟ್ಟು, ಚಾಸಿ. ಎಲೆಕ್ಟ್ರಿಷಿಯನ್ನರ ಹತ್ತಿರ ಸೀರೀಸ್ ಬಲ್ಬಿನ ಬೋರ್ಡ್ ಇರುತ್ತದಲ್ಲ, 60 ವ್ಯಾಟಿನದು, ಅದರ ಮೂಲಕ ಕೊಡಿ. ಬಲ್ಬು ಮಂಕಾಗಿ ಉರಿದರೆ ಸದ್ಯಕ್ಕೆ ಸರಿ. ಧಗ್ಗನೆ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ, ತೆಗೆದುಬಿಡಿ. ಆಮೇಲೆ ಮೂರು ತಂತಿಯ ವೈರ್ ಹಾಕಿ, ಚಾಸಿಗೆ ಅರ್ತ್ ಕೊಡಿ.

ಈ ಯಂತ್ರ ಓಡುವುದು ರಬ್ಬರ್ ಚಕ್ರದಿಂದ. ಮೋಟಾರಿನ ಶಾಫ್ಟಿಗೂ ತಟ್ಟೆಯ ಅಂಚಿಗೂ ನಡುವೆ ಈ ಚಕ್ರ ಒತ್ತಿಕೊಂಡು ತಿರುಗುತ್ತದೆ. ಆಫ್ ಮಾಡಿದರೆ ಹಿಂದೆ ಸರಿಯುತ್ತದೆ. ಆದರೆ ಹಾಡುವಾಗಲೇ ಕರೆಂಟ್ ಹೋಯಿತು ಅಂದುಕೊಳ್ಳಿ. ನೀವು ಮೇಣದ ಬತ್ತಿ ಹುಡುಕಲು ಹೋದಿರಿ, ಯಂತ್ರವನ್ನು ಮರೆತಿರಿ. ಚಕ್ರ ಒತ್ತಿಕೊಂಡೇ ಕೂತಿರುತ್ತದೆ. ವಾರಗಟ್ಟಲೆ ಹಾಗೇ ಇದ್ದರೆ ರಬ್ಬರಿನಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಪ್ರತಿ ಸುತ್ತಿಗೂ ದಡ್ ದಡ್. ಕರೆಂಟ್ ಹೋದರೆ ಮೊದಲು ನಾಬ್ ತಿರುಗಿಸಿ, ಮೇಣದ ಬತ್ತಿ ಆಮೇಲೆ. ತಗ್ಗು ಸಣ್ಣದಿದ್ದರೆ ನಾನು ಲೇತಿಗೆ ಕಟ್ಟಿ ಎಮರಿ ಕಾಗದದಿಂದ ಉಜ್ಜಿ ತೆಗೆಯುತ್ತೇನೆ. ಟೂಲ್ ಕೊಟ್ಟರೆ ರಬ್ಬರ್ ಹರಿಯುತ್ತದೆ. ಬೆಲ್ಟಿನ ಯಂತ್ರವಾದರೆ ಹಳೇ ಬೆಲ್ಟ್ ಕೆಲವೊಮ್ಮೆ ಕರಗಿ ಡಾಂಬರಾಗಿರುತ್ತದೆ. ಅದನ್ನು ಒರೆಸುವಾಗ ಒಳ್ಳೇ ಅಂಗಿ ಹಾಕಿಕೊಳ್ಳಬೇಡಿ.

ಈಗ ಅಮೆರಿಕದ ಕಥೆ. ಒಬ್ಬ ಹುಡುಗ, ಸಾಫ್ಟ್‌ವೇರಿನವನು, ಅಲ್ಲಿಂದ ವಾಪಸ್ ಬರುವಾಗ ಒಂದು ಬೆಲ್ಟ್ ಪ್ಲೇಯರ್ ತಂದಿದ್ದ. ಅಲ್ಲಿ 110 ವೋಲ್ಟ್ ಅಂತ ಗೊತ್ತಿತ್ತು, ಟ್ರಾನ್ಸ್‌ಫಾರ್ಮರ್ ಹಾಕಿದ್ದ. "ಅಂಕಲ್, ಹಾಡೆಲ್ಲ ನಿದ್ದೆಗಣ್ಣಲ್ಲಿ ಹಾಡಿದ ಹಾಗಿದೆ" ಅಂದ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಅದರ ಸಿಂಕ್ರೊನಸ್ ಮೋಟಾರು ನಡೆಯುವುದು ಫ್ರೀಕ್ವೆನ್ಸಿಯ ತಾಳಕ್ಕೆ. 33 ಮತ್ತು ಮೂರನೇ ಒಂದು ಸುತ್ತು ಬರಬೇಕಾದ ಕಡೆ ಸುಮಾರು 27.8 ಬರುತ್ತಿತ್ತು. ಶ್ರುತಿ ಹಾರ್ಮೋನಿಯಂನ ಮೂರು ಮನೆಯಷ್ಟು ಕೆಳಗೆ.

ಇದು ನನ್ನ ಕಸುಬಿನ ಕೆಲಸ, ಖುಷಿಯಾಯಿತು. ಮೋಟಾರಿನ ಪುಲ್ಲಿ 60 ಭಾಗ 50, ಅಂದರೆ ಸರಿಯಾಗಿ 1.2 ಪಟ್ಟು ದಪ್ಪ ಆಗಬೇಕು. ಹಳೇದು 10 ಮಿಲಿಮೀಟರ್. ಹಿತ್ತಾಳೆಯಲ್ಲಿ 12 ಮಿಲಿಮೀಟರ್ ಕಡೆದೆ, ಹಾಕಿದೆ. ಸ್ಪೀಡು ಅಳೆಯುವ ಸ್ಟ್ರೋಬ್ ತಟ್ಟೆ ಇಟ್ಟು ನೋಡಿದರೆ ಗೆರೆಗಳು ಸೆಕೆಂಡಿಗೆ ಒಂದರಂತೆ ಹಿಂದಕ್ಕೆ ಜಾರುತ್ತಿವೆ. ಅಂದರೆ ನೂರಕ್ಕೆ ಒಂದರಷ್ಟು ನಿಧಾನ. ಮೈಕ್ರೋಮೀಟರ್ ಹಿಡಿದು ಮತ್ತೆ ಅಳೆದೆ. 12ಕ್ಕೆ 12 ಸರಿಯಾಗಿದೆ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು: ಬೆಲ್ಟಿಗೂ ದಪ್ಪ ಇದೆಯಲ್ಲ! ಬೆಲ್ಟು ಪುಲ್ಲಿಯ ಮೈಮೇಲೆ ಓಡಿದರೂ ಲೆಕ್ಕ ಹಿಡಿಯಬೇಕಾದ್ದು ಅದರ ದಪ್ಪದ ನಡುವಿನಿಂದ. ಬೆಲ್ಟು 0.6 ಮಿಲಿಮೀಟರ್ ಇತ್ತು. 10.6ಕ್ಕೆ 1.2 ಪಟ್ಟು ಅಂದರೆ 12.72, ಅದರಲ್ಲಿ ಬೆಲ್ಟ್ ಕಳೆದರೆ 12.12. ಕೂದಲೆಳೆ ಎರಡರಷ್ಟು ಅಂತರ. ಮಾರನೇ ದಿನ ಇನ್ನೊಂದು ಕಡೆದೆ, ಗೆರೆ ನಿಂತಿತು. ಮೊದಲನೇ ಪುಲ್ಲಿ ಇನ್ನೂ ನನ್ನ ಕೀ ಗೊಂಚಲಿನಲ್ಲಿದೆ.

ಸ್ಟ್ರೋಬ್ ಅಂದೆ. ಅಂಚಿನ ಸುತ್ತ ಗೆರೆ ಹಾಕಿದ ಕಾಗದದ ತಟ್ಟೆ. ನಮ್ಮ ಕರೆಂಟಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 33ರ ಸ್ಪೀಡಿಗೆ 180 ಗೆರೆ, 78ಕ್ಕೆ 77 ಗೆರೆ. ಸ್ಪೀಡು ಸರಿಯಿದ್ದರೆ ತಿರುಗುವ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಆದರೆ ಒಂದು ಮೋಸ ಇದೆ. ತೊಂಬತ್ತರ ದಶಕದಲ್ಲಿ ನಮ್ಮ ದಕ್ಷಿಣದ ಗ್ರಿಡ್ಡಿನ ಫ್ರೀಕ್ವೆನ್ಸಿ ಎಷ್ಟೋ ಸಲ 49ರ ಕೆಳಗೆ ಇಳಿಯುತ್ತಿತ್ತು. ಆಗ ಸಿಂಕ್ರೊನಸ್ ಮೋಟಾರೂ ನಿಧಾನ, ದೀಪದ ಮಿನುಗೂ ಅಷ್ಟೇ ನಿಧಾನ. ಗೆರೆ ಮಾತ್ರ ಗಟ್ಟಿಯಾಗಿ ನಿಂತಿರುತ್ತಿತ್ತು! ಕಳ್ಳನೂ ಕಾವಲುಗಾರನೂ ಒಂದೇ ಮನೆಯವರು. ಈಗ ಗ್ರಿಡ್ ಸುಧಾರಿಸಿದೆ, ಆ ತಲೆನೋವು ಇಲ್ಲ. ಈಗಿನ ತೊಂದರೆ ಬೇರೆ. ಒಳ್ಳೇ ಎಲ್‌ಇಡಿ ದೀಪ ಹಾಗೆ ಮಿನುಗುವುದೇ ಇಲ್ಲ, ಅದರ ಬೆಳಕಲ್ಲಿ ಗೆರೆಗಳೆಲ್ಲ ಕಲಸಿ ಬೂದಿ ಬಣ್ಣ ಕಾಣುತ್ತದೆ.

ಮುಳ್ಳಿನ ಬಗ್ಗೆ ಬೇಗ ಮುಗಿಸುತ್ತೇನೆ. 78ರ ಪ್ಲೇಟಿನ ಗೆರೆ ಅಗಲ, 33ರ ಎಲ್‌ಪಿಯದು ಸಣ್ಣ. ಅದಕ್ಕೇ ಇದರಲ್ಲಿ ಎರಡು ಮುಳ್ಳು, ತಿರುಗಿಸಿ ಹಾಕುವುದು. ಮುಳ್ಳಿನ ಕಂಪನವನ್ನು ಕರೆಂಟ್ ಮಾಡುವ ಪುಟ್ಟ ಡಬ್ಬಿಯೇ ಕಾರ್ಟ್ರಿಡ್ಜ್. ಬಹಳ ಹಳೇ ಕಾರ್ಟ್ರಿಡ್ಜ್‌ಗಳ ಒಳಗೆ ರೋಶೆಲ್ ಸಾಲ್ಟ್ ಅನ್ನುವ ಹರಳಿತ್ತು. ಹೆಸರೇ ಹೇಳುವಂತೆ ಅದು ಉಪ್ಪು. ಮಳೆಗಾಲದಲ್ಲಿ ಉಪ್ಪಿನ ಭರಣಿ ಏನಾಗುತ್ತದೆ ಅಂತ ಮಲೆನಾಡಿನವರಿಗೆ, ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅದರ ದನಿ ಹೋದರೆ ರಿಪೇರಿ ಇಲ್ಲ, ಬದಲಿಸಬೇಕು. ಆಮೇಲೆ ಬಂದ ಸೆರಾಮಿಕ್ ಕಾರ್ಟ್ರಿಡ್ಜ್‌ಗಳಿಗೆ ಈ ಕಾಟ ಇಲ್ಲ.

ಪ್ಲೇಟು ತೊಳೆಯುವವರು ಇದನ್ನು ಮಾತ್ರ ನೆನಪಿಡಿ. 78ರ ಹಳೇ ಪ್ಲೇಟು ಅರಗಿನದು. ಬಡಗಿಗಳು ಪಾಲಿಶ್‌ಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುತ್ತಾರಲ್ಲ, ಅದೇ ಅರಗು. ಯಂತ್ರ ಒರೆಸಿದ ಐಪಿಎ ಹತ್ತಿಯಲ್ಲೇ ನಾನೊಮ್ಮೆ ಪ್ಲೇಟೂ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಂತು ಅಂತ ಇನ್ನೂ ಜೋರಾಗಿ ಉಜ್ಜಿದೆ. ಬಂದದ್ದು ಕೊಳೆ ಅಲ್ಲ, ಹಾಡು.

ಕೊನೆಗೆ ಹುಬ್ಬಳ್ಳಿ ಕಡೆಯ ಒಬ್ಬ ಯಜಮಾನರ ವಿಷಯ. ತಮ್ಮ ಯಂತ್ರ ತಂದು, "ಸ್ಪೀಡ್ ಭಾಳ ಆಗೇತ್ರಿ, ಒಂಚೂರು ಕಮ್ಮಿ ಮಾಡಿ ಕೊಡ್ರಿ" ಅಂದರು. ಸ್ಟ್ರೋಬ್ ಇಟ್ಟೆ. ಗೆರೆ ಅಲ್ಲಾಡಲಿಲ್ಲ. ಸರಿಯಿದೆ ಅಂದರೆ ಒಪ್ಪಲಿಲ್ಲ. ಚೀಲದಿಂದ ಒಂದು 78 ತೆಗೆದರು. "ಇದು ನಮ್ಮ ಗಂಗೂಬಾಯಿ ಅವರ ಪ್ಲೇಟು. ಕೇಳ್ರಿ, ಸಣ್ಣ ಹುಡುಗಿ ಹಾಡಿಧಂಗ ಕೇಳಸ್ತೈತಿ. ಅವರ ದನಿ ಹಿಂಗಿತ್ತೇನ್ರಿ?" ಹಾಕಿದೆವು. ನಿಜವಾಗಿಯೂ ತೆಳುವಾದ, ಮೇಲಿನ ಶ್ರುತಿಯ ಹೆಣ್ಣುದನಿ. ಪ್ಲೇಟಿನ ಲೇಬಲ್ ನೋಡಿದೆ. ಹೆಸರು ಗಾಂಧಾರಿ ಹಾನಗಲ್ ಅಂತ ಇತ್ತು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಮುದ್ರಿಕೆಗಳು ಆ ಹೆಸರಿನಲ್ಲೇ ಬಂದಿದ್ದವು. ನಮಗೆಲ್ಲ ಗೊತ್ತಿರುವ ಆ ಗಂಡುದನಿ ಬಂದದ್ದು ಆಮೇಲೆ, ಗಂಟಲಿನ ಚಿಕಿತ್ಸೆಯ ನಂತರ. ಯಂತ್ರದ್ದು ಏನೂ ತಪ್ಪಿರಲಿಲ್ಲ. ಯಜಮಾನರು ಮತ್ತೊಮ್ಮೆ ಹಾಕಿಸಿದರು, ಮಗದೊಮ್ಮೆ ಹಾಕಿಸಿದರು. ದುಡ್ಡು ಎಷ್ಟು ಅಂದರು. ರಿಪೇರಿ ಮಾಡಿಲ್ಲವಲ್ಲ ಅಂದೆ. ಧಾರವಾಡ ಪೇಡೆಯ ಡಬ್ಬಿ ಇಟ್ಟು ಹೋದರು.

ಆ ಪ್ಲೇಟನ್ನು ಇವತ್ತಿಗೆ ಅಂತ ಅವರಿಂದ ಕೇಳಿ ತಂದಿದ್ದೇನೆ. ಅಪ್ಪಯ್ಯನ ಯಂತ್ರದಲ್ಲೇ ಹಾಕೋಣ. ಮುಂಚೆ ಸ್ಪೀಡ್ ನೋಡಬೇಕು. ಹಿಂದಿನ ಸಾಲಿನವರು ಆ ಫ್ಯಾನ್ ಆರಿಸ್ತೀರಾ? ದೀಪಾನೂ ಆರಿಸಿ. ಇದು ಹಳೇ ಸ್ವಿಚ್ ಬೋರ್ಡಿನ ಕೆಂಪು ಇಂಡಿಕೇಟರ್, ನಿಯಾನ್. ಬೆಳಕು ಕಮ್ಮಿ, ಹತ್ತಿರ ಬನ್ನಿ. 78ರ ಗೆರೆ, ಒಳಗಿನ ಸುತ್ತು. ನಿಂತಿದೆಯಾ ನೋಡಿ ಹೇಳಿ.